ಗ್ಯಾಲಕ್ಸಿಗೆ ದೃಷ್ಟಿ ತೆಗೆದದ್ದು

ಆ ವರ್ಷ ಆಗಸ್ಟಿನಲ್ಲಿ ಪತ್ರಿಕೆಯವನೊಬ್ಬ ಬೆಟ್ಟದ ಮೇಲಿನ ನಮ್ಮ ವೀಕ್ಷಣಾಲಯಕ್ಕೆ ಬಂದ. ದೂರದರ್ಶಕದ ಸುತ್ತ ಮೂರು ಸಲ ಓಡಾಡಿ, "ಎಷ್ಟು ದೊಡ್ಡದು, ಎಷ್ಟು ಚೆಂದ, ಇಂಥದ್ದನ್ನ ನಾನು ಎಲ್ಲೂ ನೋಡಿಲ್ಲ" ಎಂದು ಹೊಗಳಿದ. ಹೊಗಳಿದವನು ತ್ಫು ಎಂದು ಉಗುಳಲಿಲ್ಲ. ಕಣ್ಣು ತಾಗದಿರಲಿ ಎಂದೂ ಬಾಯಿಮಾತಿಗೆ ಅನ್ನಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು ಇನ್ನೊಮ್ಮೆ ಹಿಂತಿರುಗಿ ನೋಡಿ, ಆಸೆಯಿಂದ ನಿಟ್ಟುಸಿರನ್ನೂ ಬಿಟ್ಟ.

ಮರುದಿನವೇ ಹೋಲಿಕೆ ದೀಪ ಕೈಕೊಟ್ಟಿತು.

ಈ ದೀಪದ ವಿಷಯ ಸ್ವಲ್ಪ ಹೇಳಬೇಕು. ದೂರದರ್ಶಕ ಹಿಡಿದ ಬೆಳಕು ಕೂದಲೆಳೆಯಷ್ಟು ಕಿರಿದಾದ ಸೀಳಿನೊಳಗೆ ನುಗ್ಗಿ, ಬಣ್ಣಬಣ್ಣವಾಗಿ ಹರಡಿ, ಗಾಜಿನ ಪ್ಲೇಟಿನ ಮೇಲೆ ಒಂದು ಬೂದು ಪಟ್ಟಿಯಾಗಿ ಬೀಳುತ್ತದೆ. ಆ ಗ್ಯಾಲಕ್ಸಿಯಲ್ಲಿ ಕಾದು ಹೊಳೆಯುವ ಅನಿಲವಿದ್ದರೆ ಪಟ್ಟಿಗೆ ಅಡ್ಡಲಾಗಿ ಕಪ್ಪು ಗೆರೆಗಳು ಮೂಡುತ್ತವೆ; ಪ್ಲೇಟು ಕಪ್ಪಾಗುವುದು ಬೆಳಕು ಬಿದ್ದಲ್ಲೇ. ಜಲಜನಕಕ್ಕೆ ಅದರದೇ ಗೆರೆ, ಆಮ್ಲಜನಕಕ್ಕೆ ಅದರದೇ ಗೆರೆ. ಗ್ಯಾಲಕ್ಸಿ ನಮ್ಮಿಂದ ದೂರ ಓಡಿದಷ್ಟೂ ಗೆರೆಗಳು ಕೆಂಪಿನ ಕಡೆಗೆ ಸರಿಯುತ್ತವೆ. ಅದರ ಎದೆಯೊಳಗೆ ಅನಿಲ ಹುಚ್ಚು ಹಿಡಿದಂತೆ ಗಿರಗಿರ ಸುತ್ತುತ್ತಿದ್ದರೆ ಗೆರೆ ಅಗಲವಾಗುತ್ತದೆ. ಎಷ್ಟು ಸರಿಯಿತು, ಎಷ್ಟು ಅಗಲವಾಯಿತು ಎಂದು ಹೇಳಲು ಪಕ್ಕದಲ್ಲಿ ಒಂದು ಅಳತೆಗೋಲು ಬೇಕಲ್ಲ, ಅದೇ ಹೋಲಿಕೆ ದೀಪ. ಅದರ ಗೆರೆಗಳ ಜಾಗ ನಮಗೆಲ್ಲ ಬಾಯಿಪಾಠ.

ದೀಪ ಸರಿಮಾಡುತ್ತೇನೆಂದು ನಮ್ಮ ಮೆಕ್ಯಾನಿಕ್ ರೈನ್‌ಹೋಲ್ಡ್ ಇಡೀ ಯಂತ್ರ ಬಿಚ್ಚಿದ. ಮತ್ತೆ ಜೋಡಿಸುವಾಗ ಒಳಗಿನ ಗಾಜುಗಳು ಒಂದು ಕೂದಲಷ್ಟು ಅತ್ತಿತ್ತ ಸರಿದವು. ಹಾಗಾಗಿ ಹಳೆಯ ಅಳತೆಗಳೂ ಕೆಲಸಕ್ಕೆ ಬಾರದಾದವು. ಹೊಸ ದೀಪಕ್ಕೆ ಅರ್ಜಿ ಹಾಕಿದೆವು. ಮುಂದಿನ ಪಂಚವಾರ್ಷಿಕ ಯೋಜನೆಯಲ್ಲಿ ಪರಿಗಣಿಸುತ್ತೇವೆ ಎಂದು ಉತ್ತರ ಬಂತು.

ಇದರಿಂದ ಪೆಟ್ಟು ಬಿದ್ದದ್ದು ರೌಷನ್‌ಗೆ. ಏಳು ವರ್ಷದಿಂದ ಆ ಹುಡುಗಿ ಒಂದೇ ಗ್ಯಾಲಕ್ಸಿಯ ಎದೆಯನ್ನು ನೋಡುತ್ತ ಕೂತಿದ್ದಳು. ಪ್ರಬಂಧಕ್ಕೆ ಕೊನೆಯದಾಗಿ ಬೇಕಿದ್ದದ್ದು ಆ ಶರತ್ಕಾಲದ ಪ್ಲೇಟುಗಳು. ಅವಳ ಹುದ್ದೆ ಡಿಸೆಂಬರ್ ಮೂವತ್ತೊಂದರವರೆಗೆ ಮಾತ್ರ; ಅಷ್ಟರೊಳಗೆ ಪ್ರಬಂಧ ಒಪ್ಪಿಸದಿದ್ದರೆ ಬೆಟ್ಟ ಇಳಿದು, ತವರೂರಿನ ಶಾಲೆಯಲ್ಲಿ ಮಕ್ಕಳಿಗೆ ರೇಖಾಗಣಿತ ಹೇಳಿಕೊಡಬೇಕು. ಹೇಳಿಕೊಡುವುದು ಕೆಟ್ಟ ಕೆಲಸವೇನಲ್ಲ. ಆದರೆ ಏಳು ವರ್ಷ ಸಾಕಿದ ಮಗುವನ್ನು ಪಕ್ಕದ ಮನೆಯವರಿಗೆ ಕೊಟ್ಟು ಬರುವುದೆಂದರೆ ಯಾರಿಗೆ ಆದೀತು?

ನನ್ನ ಕೆಲಸ ಪ್ಲೇಟುಗಳನ್ನು ಅಳೆಯುವುದು. ಮೊದಲು ಅದೇ ಕಟ್ಟಡದ ನೆಲ ಒರೆಸುತ್ತಿದ್ದೆ. ನಲವತ್ತಾರನೇ ವಯಸ್ಸಿನಲ್ಲಿ ಕೆಳಗಿನ ಊರಿನ ರಾತ್ರಿಶಾಲೆ ಮುಗಿಸಿದ ಮೇಲೆ ಒರೆಸುವ ಬಟ್ಟೆ ಮೂಲೆಗಿಟ್ಟು ಸೂಕ್ಷ್ಮದರ್ಶಕದ ಮುಂದೆ ಕೂತೆ. ವಾರಕ್ಕೆರಡು ದಿನ, ಸೋಮವಾರ ಮತ್ತು ಗುರುವಾರ, ಗೋಪುರದ ಪಾಳಿಯೂ ನನ್ನದೇ.

ಇನ್ನು ನಮ್ಮ ನಿರ್ದೇಶಕರು, ಮೊಲ್ದಾಬೆಕ್ ಅಗಾಯ್. ಅಗಾಯ್ ಎಂದರೆ ಮೇಷ್ಟ್ರು, ನಾವೆಲ್ಲ ಹಾಗೇ ಕರೆಯುವುದು. ಅರವತ್ತೆರಡು ವರ್ಷ, ಅದಕ್ಕೆ ತಕ್ಕ ಹೊಟ್ಟೆ, ಹೊಟ್ಟೆಗೆ ತಕ್ಕ ಧ್ವನಿ. ಗೋಪುರದ ಬಾಗಿಲ ಮೇಲೆ ತಮ್ಮ ಕೈಯಾರೆ ಬರೆದು ಅಂಟಿಸಿದ್ದರು: "ಒಳಗೆ ಧೂಮಪಾನ, ಬೆಂಕಿ ಮತ್ತು ಮೂಢನಂಬಿಕೆ ನಿಷೇಧಿಸಲಾಗಿದೆ."

ನಾನು ಆ ಫಲಕದ ಕೆಳಗೇ ಹಾದು, ಸೆರಗಿನಲ್ಲಿ ಮುಚ್ಚಿಕೊಂಡು ಕೆಂಡದ ಸೌಟು ಒಳಗೆ ಒಯ್ದೆ.

ಮತ್ತೇನು ಮಾಡಲಿ? ದೀಪ ಹೋಯಿತು. ಆಮೇಲೆ ಗೋಪುರದೊಳಗೆ ನರಿ ಹೊಕ್ಕಿತು. ಆಮೇಲೆ ಆಲಿಕಲ್ಲು ಬಿತ್ತು. ಕಣ್ಣು ತಾಗಿದೆ ಎಂದು ಗೊತ್ತಾಗಲು ರಾತ್ರಿಶಾಲೆ ಬೇಕಾಗಿಲ್ಲ. ಕೆಂಡದ ಮೇಲೆ ಒಣಗಿದ ಅದಿರಾಸ್ಪನ್ ಗಿಡದ ಕಡ್ಡಿ ಹಾಕಿ, ಹಿಡಿ ಉಪ್ಪು ನಿವಾಳಿಸಿ ಎಸೆದು, ಉರಿ ಭಗ್ಗೆಂದಾಗ ಮೂರು ಸುತ್ತು ಸುತ್ತಿದರೆ ಆಯಿತು. ಒಂದು ನಿಯಮವಿದೆ: ಮಗು ಎಚ್ಚರವಿದ್ದಾಗಲೇ ಸುತ್ತಬೇಕು, ಮಲಗಿದ ಮಗುವಿಗೆ ದೃಷ್ಟಿ ತೆಗೆದರೆ ಇಳಿಯುವುದಿಲ್ಲ. ಆದ್ದರಿಂದ ದೂರದರ್ಶಕವನ್ನು ರೌಷನ್‌ಳ ಗ್ಯಾಲಕ್ಸಿಯ ಕಡೆ ತಿರುಗಿಸಿ, ಪ್ಲೇಟಿನ ಮುಚ್ಚಳ ತೆಗೆದು, ಅದು ಕಣ್ಣು ಬಿಟ್ಟ ಮೇಲೆಯೇ ನಾನು ಸುತ್ತುತ್ತಿದ್ದೆ. ಬೇರೆ ನಕ್ಷತ್ರಗಳಿಗೆ ಮಾಡುತ್ತಿರಲಿಲ್ಲ. ಅವು ಗಟ್ಟಿಮುಟ್ಟು, ಅವಕ್ಕೆ ಯಾರ ಕಣ್ಣು ತಾಗುತ್ತದೆ.

ಅಕ್ಟೋಬರಿನಲ್ಲಿ ಪ್ಲೇಟಿನ ಕೆಂಪು ತುದಿಯಲ್ಲಿ ಹೊಸ ಗೆರೆ ಕಾಣಿಸಿತು. ಒಂದಲ್ಲ, ಪಕ್ಕಪಕ್ಕದಲ್ಲಿ ಎರಡು. ಏಳು ವರ್ಷದಲ್ಲಿ ಎಂದೂ ಇರಲಿಲ್ಲ. ಅಳತೆಗೋಲಿಲ್ಲದ ಕಾರಣ ಅದು ಯಾವ ಧಾತುವಿನದು ಎಂದು ಹೇಳುವವರೂ ಇರಲಿಲ್ಲ. ಅದಕ್ಕಿಂತ ವಿಚಿತ್ರವೆಂದರೆ ಅದರ ಉದ್ದ. ಗ್ಯಾಲಕ್ಸಿಯ ಗೆರೆಗಳು ಪಟ್ಟಿಯಷ್ಟೇ ಗಿಡ್ಡ, ಪ್ಲೇಟಿನ ನಡುವೆ ಅಷ್ಟಕ್ಕಷ್ಟೇ ನಿಲ್ಲುತ್ತವೆ. ಇದು ಸೀಳಿನ ಮೇಲ್ತುದಿಯಿಂದ ಕೆಳತುದಿಯವರೆಗೆ ನೆಟ್ಟಗೆ ನಿಂತಿತ್ತು.

ಮೊಲ್ದಾಬೆಕ್ ಅಗಾಯ್ ಪ್ಲೇಟನ್ನು ಕಿಟಕಿಗೆ ಹಿಡಿದು ನೋಡಿದರು. ಕನ್ನಡಕ ತೆಗೆದು ನೋಡಿದರು. ಹಾಕಿಕೊಂಡು ನೋಡಿದರು.

"ಮೋಡ" ಎಂದರು.

"ಯಾವ ಮೋಡ, ಅಗಾಯ್?" ಎಂದಳು ರೌಷನ್.

"ಗ್ಯಾಲಕ್ಸಿ ಸುತ್ತ ಮೋಡ ಇದೆ ಕಣಮ್ಮ. ಗೆರೆ ಗ್ಯಾಲಕ್ಸಿ ದಾಟಿ ಆಚೆಗೂ ಇದೆ ಅಂದ್ರೆ ಅನಿಲ ಆಚೆಗೂ ಇದೆ ಅಂತ. ಗ್ಯಾಲಕ್ಸಿಗಿಂತ ಐದು ಪಟ್ಟು ದೊಡ್ಡ ಮೋಡ. ಎರಡು ಗೆರೆ ಇದ್ಯಲ್ಲ, ಅಂದ್ರೆ ಎರಡು ತೋಳು. ಇಲ್ಲೀತನಕ ಯಾರೂ ಕಂಡಿಲ್ಲ."

"ಆಗಸ್ಟ್‌ನಲ್ಲಿ ಇರ್ಲಿಲ್ವಲ್ಲ?"

"ಹೊಸದಾಗಿ ಬಂತು."

"ಎರಡು ತಿಂಗಳಲ್ಲಿ ಐದು ಗ್ಯಾಲಕ್ಸಿಯಷ್ಟು ಮೋಡ ಬಂತಾ?"

"ಅದಕ್ಕೇ ತಾನೇ ಅದು ಆವಿಷ್ಕಾರ ಆಗೋದು. ಎಲ್ಲಾ ಅರ್ಥ ಆಗೋ ಹಾಗಿದ್ರೆ ಅದನ್ನ ಪಠ್ಯಪುಸ್ತಕ ಅಂತಾರೆ."

ಅಂದೇ ಸಂಜೆ ಅವರು ಮೋಡಕ್ಕೆ ತಮ್ಮ ತಾಯಿಯ ಹೆಸರಿಟ್ಟರು: ಬಾತಿಮಾ ಮೋಡ. ಹಳೆಯ ಪ್ರಬಂಧ ಬಿಟ್ಟು ಮೋಡದ ಮೇಲೆ ಬರಿ ಎಂದು ರೌಷನ್‌ಗೆ ಅಪ್ಪಣೆಯಾಯಿತು. ಅವಳ ಪ್ರಬಂಧಕ್ಕೆ ಅಧಿಕೃತ ವಿರೋಧಿಯಾಗಿ ನೇಮಕವಾಗಿದ್ದ ಕ್ಸೇನಿಯಾ ಲ್ವೋವ್ನಾ ಅವರಿಗೆ ತಂತಿ ಹೋಯಿತು. ನಮ್ಮಲ್ಲಿ ಪ್ರಬಂಧ ಒಪ್ಪಿಸುವಾಗ ಒಬ್ಬರು ವಿರೋಧಿಸಲೇಬೇಕು, ಅದು ಸಂಬಳದ ಕೆಲಸ. ಈ ಹೆಂಗಸು ಅದನ್ನು ಸಂಬಳಕ್ಕಿಂತ ಹೆಚ್ಚಾಗಿ ಮಾಡುತ್ತಾರೆಂದು ಹೆಸರಾಗಿತ್ತು. ಶನಿವಾರ ಮಧ್ಯಾಹ್ನ ಬರುತ್ತೇನೆ ಎಂದು ಉತ್ತರ ಬಂತು. ಅಗಾಯ್ ಕುರಿ ತರಿಸಿ ಗೋಪುರದ ಹಿಂದೆ ಕಟ್ಟಿಸಿದರು.

ನಾನು ಮಾತ್ರ ಸೂಕ್ಷ್ಮದರ್ಶಕದ ಮುಂದೆ ಕೂತು ಆ ಗೆರೆಗಳನ್ನೇ ನೋಡುತ್ತಿದ್ದೆ. ಹೋಲಿಕೆ ದೀಪದ ಗೆರೆಗಳೂ ಹೀಗೆಯೇ ಇರುತ್ತಿದ್ದವು, ಮೇಲಿನಿಂದ ಕೆಳಗಿನವರೆಗೆ. ಪ್ರತಿ ಪ್ಲೇಟಿನಲ್ಲೂ ಬೀಳುವ ಊರಿನ ಬೀದಿದೀಪದ ಹಳದಿ ಗೆರೆಯೂ ಹಾಗೆಯೇ. ದೂರದ ಗ್ಯಾಲಕ್ಸಿ ಸೀಳಿನ ನಡುವೆ ಒಂದು ಚುಕ್ಕೆಯಾಗಿ ಕೂರುತ್ತದೆ. ಇಡೀ ಸೀಳು ತುಂಬ ಬೀಳುವ ಬೆಳಕು ಹತ್ತಿರದ್ದು. ಬೀದಿದೀಪದಷ್ಟು ಹತ್ತಿರದ್ದು, ಅಥವಾ ಇನ್ನೂ ಹತ್ತಿರದ್ದು.

ರಾತ್ರಿಶಾಲೆಯಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು ಒಂದು ಪುಟ್ಟ ಕೊಳವೆ ಕೊಟ್ಟಿದ್ದರು. ಒಂದು ತುದಿಯಲ್ಲಿ ಸೀಳು, ಇನ್ನೊಂದು ತುದಿಯಲ್ಲಿ ಕಣ್ಣು. ಮಂಗಳವಾರ ಬೆಳಿಗ್ಗೆ ಅಡುಗೆಮನೆಯ ಪರದೆ ಎಳೆದು, ಸೌಟಿನಲ್ಲಿ ಅದಿರಾಸ್ಪನ್ ಮತ್ತು ಉಪ್ಪು ಹಾಕಿ, ಉರಿ ಎದ್ದಾಗ ಕೊಳವೆ ಇಟ್ಟು ನೋಡಿದೆ. ಹಳದಿ ಗೆರೆ ಕಣ್ಣು ಕುಕ್ಕಿತು. ಅದು ಉಪ್ಪಿನ ಸೋಡಿಯಂ. ತುಂಬ ಹೊತ್ತು ನೋಡಿದ ಮೇಲೆ ಕಡುಗೆಂಪಿನ ಅಂಚಿನಲ್ಲಿ, ಇದೆಯೋ ಇಲ್ಲವೋ ಎಂಬಂತೆ ಮತ್ತೊಂದು ಗೆರೆ. ಗಿಡದ ಬೂದಿಯಲ್ಲಿ ಪೊಟ್ಯಾಸಿಯಂ ಇರುತ್ತದೆ ಎಂದು ಮೇಷ್ಟ್ರು ಹೇಳಿದ್ದರು. ಅದರ ಕೆಂಪು ಗೆರೆ ಅವಳಿಜವಳಿ ಎಂದೂ ಹೇಳಿದ್ದರು.

ಐದು ಗ್ಯಾಲಕ್ಸಿಯಷ್ಟು ದೊಡ್ಡ ಮೋಡ ನನ್ನ ಸೌಟಿನಲ್ಲಿ ಚಟಪಟ ಅನ್ನುತ್ತಿತ್ತು.

ಪ್ಲೇಟುಗಳ ದಿನಾಂಕ ತೆಗೆದು ನೋಡಿದೆ. ಸೋಮವಾರ ಗೆರೆ ಇದೆ, ಗುರುವಾರ ಇದೆ. ಅದು ನನ್ನ ಪಾಪ. ಆದರೆ ಮಂಗಳವಾರ, ಶುಕ್ರವಾರವೂ ಇದೆ. ಅವು ರೌಷನ್‌ಳ ಪಾಳಿ. ಬುಧವಾರದ್ದಂತೂ ಎಲ್ಲಕ್ಕಿಂತ ಕಪ್ಪು, ಇದ್ದಿಲು ಗೀಚಿದ ಹಾಗೆ. ಬುಧವಾರ ನಿರ್ದೇಶಕರ ಪಾಳಿ.

ರೌಷನ್ ಅಡುಗೆಮನೆಗೆ ಬಂದವಳು ಮೂಗು ಅರಳಿಸಿದಳು. ಅವಳಿಗೆ ನಾನು ಅಪಾ, ಅಂದರೆ ಅಕ್ಕ.

"ಅಪಾ, ಅದಿರಾಸ್ಪನ್ ವಾಸನೆ."

"ಹೌದು ಮಗಳೇ. ಕೂತ್ಕೋ. ಚಹಾ ಕುಡಿ. ಆಮೇಲೆ ಹೇಳ್ತೀನಿ."

"ಮೊದ್ಲು ಹೇಳಿ, ಆಮೇಲೆ ಕುಡೀತೀನಿ."

ಹೇಳಿದೆ. ಅವಳು ಚಹಾದ ಬಟ್ಟಲು ಹಿಡಿದುಕೊಂಡೇ ಇದ್ದಳು. ಹಾಲಿನ ಕೆನೆ ಕಟ್ಟಿತು. ನನ್ನನ್ನು ಬೈಯುತ್ತಾಳೆ ಎಂದುಕೊಂಡೆ, ಬೈದರೆ ಬೈಸಿಕೊಳ್ಳಬೇಕು ಎಂದೂ ಸಿದ್ಧಳಾಗಿದ್ದೆ. ಅವಳು ಮೆಲ್ಲಗೆ, "ಅಪಾ, ಮುಚ್ಚಳ ತೆಗೆದ ಮೇಲೆ ಸುತ್ತಬೇಕಲ್ವಾ?" ಎಂದಳು.

"ನಿಂಗೆ ಹೇಗೆ ಗೊತ್ತು?"

"ಮಗು ಎಚ್ಚರ ಇರ್ಬೇಕು ಅಂತ ನಮ್ಮಜ್ಜಿನೂ ಹೇಳ್ತಿದ್ಲು."

"ನೀನೂನಾ? ಭೌತಶಾಸ್ತ್ರ ಓದಿದೋಳು?"

"ಭೌತಶಾಸ್ತ್ರ ದೀಪ ಸರಿಮಾಡ್ತಾ, ಅಪಾ? ಇಲ್ವಲ್ಲ. ಒಂದು ಹಿಡಿ ಉಪ್ಪು ತಾನೇ ಅಂದ್ಕೊಂಡೆ." ಆಮೇಲೆ ಬಟ್ಟಲು ಕೆಳಗಿಟ್ಟು, "ನಾನು ಎರಡು ಹಿಡಿ ಹಾಕ್ತಿದ್ದೆ" ಎಂದಳು.

ನಗು ಬಂತು, ನಕ್ಕೆವು. ನಗುತ್ತ ನಗುತ್ತ ಅವಳ ಮುಖ ಸಣ್ಣದಾಯಿತು. "ಮೋಡ ಹೋಯ್ತು. ಹಳೇ ಪ್ರಬಂಧ ಮೊದಲೇ ಹೋಗಿತ್ತು. ಇನ್ನು ರೇಖಾಗಣಿತ" ಎಂದಳು. ಹಿಟ್ಟಿನ ಬೋರ್ಸಕ್ ಉಂಡೆ ಕರಿದಿದ್ದೆ, ಎರಡು ಕೊಟ್ಟೆ.

ಇಬ್ಬರೂ ನಿರ್ದೇಶಕರ ಕೋಣೆಗೆ ಹೋದೆವು. ರೈನ್‌ಹೋಲ್ಡ್ ಅಲ್ಲೇ ಕಿಟಕಿಯ ಚಿಲಕ ಸರಿಮಾಡುತ್ತಿದ್ದ.

"ಹೊಗೆಯಾ?" ಎಂದರು ಅಗಾಯ್. "ನನ್ನ ಗೋಪುರದಲ್ಲಿ? ಉಲ್ಬಲಾ, ಬಾಗಿಲ ಮೇಲೆ ಬರೆದಿರೋದು ನೀನು ಓದಿಲ್ವಾ? ಓದಕ್ಕೆ ಬರ್ಲಿ ಅಂತಾನೇ ನಿನ್ನ ರಾತ್ರಿಶಾಲೆಗೆ ಕಳ್ಸಿದ್ದು."

"ಓದಿದ್ದೀನಿ ಅಗಾಯ್. ಸೋಮವಾರ, ಗುರುವಾರ ನಂದು. ಮಂಗಳವಾರ, ಶುಕ್ರವಾರ ಇವಳದು. ಬುಧವಾರದ್ದು ಯಾರದು ಅಂತ ಕೇಳಕ್ಕೆ ಬಂದ್ವಿ."

"ಬುಧವಾರ ಮೋಡಾನೇ."

"ಬುಧವಾರದ ಗೆರೆ ಮಿಕ್ಕ ದಿನಕ್ಕಿಂತ ನಾಲ್ಕು ಪಟ್ಟು ಕಪ್ಪು."

"ನಾನು ಚೆನ್ನಾಗಿ ಫೋಕಸ್ ಮಾಡ್ತೀನಿ."

ರೈನ್‌ಹೋಲ್ಡ್ ಚಿಲಕದಿಂದ ಕಣ್ಣೆತ್ತದೆ, "ನಿಮ್ಮ ಸೌಟು ಇನ್ನೂ ನನ್ ಹತ್ರಾನೇ ಇದೆ, ಮೊಲ್ದಾಬೆಕ್ ಅಗಾಯ್" ಎಂದ.

ಹೊರಗೆ ಕುರಿ ಒಮ್ಮೆ ಅರಚಿತು.

"ನಮ್ಮಮ್ಮಂಗೆ ಎಂಬತ್ತೇಳು" ಎಂದರು ಅಗಾಯ್ ಕೊನೆಗೆ. "ಊರಿಂದ ವಾರಕ್ಕೊಂದು ಅದಿರಾಸ್ಪನ್ ಕಟ್ಟು ಕಳಿಸ್ತಾಳೆ. ವಾರಕ್ಕೊಂದು ಕಾಗದ ಬರೆಸ್ತಾಳೆ, ಮಾಡ್ದೆಯೇನೋ ಅಂತ. ಅಮ್ಮನಿಗೆ ಸುಳ್ಳು ಬರಿಯಕ್ಕಾಗತ್ತಾ?"

"ಆದ್ರೂ ನಾಲ್ಕು ಪಟ್ಟು ಅಂದ್ರೆ..." ಎಂದೆ.

"ಅದು ನಾನು" ಎಂದ ರೈನ್‌ಹೋಲ್ಡ್. "ನನಗೆ ದೃಷ್ಟಿಗಿಷ್ಟಿ ನಂಬಿಕೆ ಇಲ್ಲ, ಅಪಾ. ಚಳಿ. ಬುಧವಾರ ಗುಮ್ಮಟ ತಿರುಗಿಸಕ್ಕೆ ನನ್ನ ಕರೀತಾರೆ, ಆಮೇಲೆ ಸೌಟು ಅಲ್ಲೇ ಬಿಟ್ಟು ಕೂತ್ಕೋತಾರೆ. ಕೆಂಡ ಆರ್ತಾ ಬಂದಾಗ ನಾನು ಒಂದೊಂದೇ ಕಡ್ಡಿ ಹಾಕಿ ಕೈ ಕಾಯಿಸ್ಕೋತೀನಿ. ಬೆಳಗಿನ ತನಕ."

"ನೀನು ನಂಬಿಕೆ ಇಲ್ದೇನೇ ಅಷ್ಟು ಹೊಗೆ ಹಾಕ್ತೀಯ, ನಂಬಿದ್ರೆ ಬೆಟ್ಟಕ್ಕೇ ಬೆಂಕಿ ಬೀಳ್ತಿತ್ತು" ಎಂದೆ.

ಶನಿವಾರದವರೆಗೆ ಬಾಯಿ ಬಿಡಬೇಡಿ ಎಂದು ಅಗಾಯ್ ಬೇಡಿಕೊಂಡರು. ಹೊಟ್ಟೆ ತುಂಬಿದ ವಿರೋಧಿ ಅರ್ಧ ಮಾತ್ರ ವಿರೋಧಿಸುತ್ತಾನೆ ಎಂಬುದು ಅವರ ಲೆಕ್ಕ. ಮೊದಲು ಊಟ, ಆಮೇಲೆ ಸತ್ಯ.

ಶನಿವಾರ ಕ್ಸೇನಿಯಾ ಲ್ವೋವ್ನಾ ಬಂದರು. ಸಣ್ಣ ಕಟ್ಟಿನ, ನೆಟ್ಟಗೆ ಕೂರುವ ಹೆಂಗಸು. ಕೋಟು ತೆಗೆಯುವ ಮೊದಲೇ, "ಪ್ಲೇಟು ತೋರಿಸಿ" ಎಂದರು.

"ಮೊದಲು ಊಟ" ಎಂದರು ಅಗಾಯ್.

"ಊಟ ಬಿಸಿ ಮಾಡಬಹುದು."

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಎರಡು ನಿಮಿಷ ನೋಡಿದರು. "ಈ ಗೆರೆ ಯಾಕೆ ಇಷ್ಟು ಉದ್ದ?"

ಅಗಾಯ್ ಎದೆ ತುಂಬ ಉಸಿರು ತೆಗೆದುಕೊಂಡರು. ಮೋಡದ ಭಾಷಣ ಅವರಿಗೆ ಬಾಯಿಪಾಠವಾಗಿತ್ತು, ತಾಯಿಯ ಹೆಸರಿನ ಹತ್ತಿರ ಗದ್ಗದವಾಗಬೇಕಾದ ಜಾಗವೂ ಸೇರಿ. ಬಾಯಿ ತೆರೆದರು. ರೌಷನ್‌ಳ ಮುಖ ನೋಡಿದರು. ತೆಗೆದುಕೊಂಡ ಉಸಿರನ್ನು ಸುಮ್ಮನೆ ಹೊರಗೆ ಬಿಟ್ಟರು.

"ಅದು ಮೋಡ ಅಲ್ಲ" ಎಂದಳು ರೌಷನ್. "ಹೊಗೆ. ನಾವೇ ಹಾಕಿದ್ದು. ದೀಪ ಕೆಟ್ಟ ಮೇಲೆ ದೃಷ್ಟಿ ತೆಗೆದ್ವಿ. ಪೊಟ್ಯಾಸಿಯಂ."

"ಸೋಮವಾರ, ಗುರುವಾರ ನಾನು ಮಾಡಿದ್ದು" ಎಂದೆ, ಅವಳೊಬ್ಬಳೇ ತಪ್ಪು ಹೊರಬಾರದಲ್ಲ.

"ಬುಧವಾರ ನಾನು" ಎಂದರು ಅಗಾಯ್.

"ನಾನು ಬರೀ ಚಳಿಗೆ" ಎಂದ ರೈನ್‌ಹೋಲ್ಡ್ ಬಾಗಿಲಿಂದ.

ಕ್ಸೇನಿಯಾ ಲ್ವೋವ್ನಾ ಒಬ್ಬೊಬ್ಬರನ್ನೇ ನೋಡಿದರು, ಪ್ಲೇಟು ನೋಡಿದ ಹಾಗೆಯೇ. "ಪೊಟ್ಯಾಸಿಯಂ ಅಂತ ಹೇಗೆ ಹೇಳ್ತೀರಿ? ನಿಮ್ಮಲ್ಲಿ ಅಳತೆಗೋಲೇ ಇಲ್ವಲ್ಲ."

ಅವರನ್ನು ಅಡುಗೆಮನೆಗೆ ಕರೆದೊಯ್ದು ಪರದೆ ಎಳೆದೆ. ಒಂದು ಒಲೆಯ ಮೇಲೆ ಕುರಿ ಬೇಯುತ್ತಿತ್ತು, ಇನ್ನೊಂದರ ಕೆಂಡ ಸೌಟಿಗೆ ತೆಗೆದೆ. ಅವರು ಮೇಷ್ಟ್ರ ಕೊಳವೆಗೆ ಕಣ್ಣಿಟ್ಟರು. ಕಣ್ಣಲ್ಲಿ ನೀರು ಬಂದರೂ ತೆಗೆಯಲಿಲ್ಲ.

"ಈ ಉಪ್ಪು ಎಲ್ಲರೂ ಹಾಕ್ತಿದ್ರಾ?"

"ಹೂಂ. ಇವಳು ಎರಡು ಹಿಡಿ."

"ಅಂದ್ರೆ ಹಳದಿ ಗೆರೇನೂ ಇದೆ, ಕೆಂಪು ಜೋಡಿನೂ ಇದೆ. ಪ್ರತಿ ಪ್ಲೇಟಲ್ಲೂ?"

"ಆ ಗ್ಯಾಲಕ್ಸಿಯ ಪ್ರತಿ ಪ್ಲೇಟಲ್ಲೂ ಇದೆ. ಹಳದಿಯಿಂದ ಕೆಂಪಿಗೆ ಎಷ್ಟು ದೂರ ಅಂತ ನಾನು ಎಲ್ಲದರಲ್ಲೂ ಅಳೆದು ಬರೆದಿಟ್ಟಿದ್ದೀನಿ. ಕೂದಲಷ್ಟೂ ವ್ಯತ್ಯಾಸ ಇಲ್ಲ."

ಕ್ಸೇನಿಯಾ ಲ್ವೋವ್ನಾ ಕೊಳವೆ ಕೆಳಗಿಟ್ಟು ರೌಷನ್ ಕಡೆ ತಿರುಗಿದರು. ರೌಷನ್ ಅವರ ಕಡೆ ನೋಡುತ್ತಿದ್ದಳು. ಇಬ್ಬರ ಬಾಯಿಯೂ ಒಟ್ಟಿಗೆ ತೆರೆಯಿತು.

"ಅಳತೆಗೋಲು" ಎಂದಳು ರೌಷನ್.

ಐವತ್ತೆಂಟು ಪ್ಲೇಟು ಅಳೆದವಳು ನಾನು, ನನಗೆ ಹೊಳೆದಿರಲಿಲ್ಲ. ಈ ಹಳದಿ, ಕೆಂಪು ಗೆರೆಗಳು ಓಡುವವಲ್ಲ, ಅಗಲವಾಗುವವಲ್ಲ. ಅವು ಗೋಪುರದೊಳಗೇ ಹುಟ್ಟಿದವು, ಅವುಗಳ ಜಾಗ ಪ್ರತಿ ಪುಸ್ತಕದಲ್ಲೂ ಅಚ್ಚಾಗಿದೆ. ಪಟ್ಟಿಯ ಆ ತುದಿಗೊಂದು ಈ ತುದಿಗೊಂದು ಮೊಳೆ ಹೊಡೆದಂತೆ. ನಡುವಿನ ಜಲಜನಕದ ಗೆರೆ ಎಲ್ಲಿದೆ, ಎಷ್ಟು ಅಗಲ ಎಂದು ಇನ್ನು ಯಾರು ಬೇಕಾದರೂ ಅಳೆಯಬಹುದು. ಸತ್ತ ದೀಪ ಮಾಡಬೇಕಿದ್ದ ಕೆಲಸವನ್ನು ಸೌಟು ಪ್ರತಿ ರಾತ್ರಿ ತಪ್ಪದೆ ಮಾಡಿತ್ತು.

"ನಿನ್ನ ಹಳೇ ಪ್ರಬಂಧ ಎಲ್ಲಿ?" ಎಂದರು ಕ್ಸೇನಿಯಾ ಲ್ವೋವ್ನಾ.

ಚಹಾ ಕಾಯಿಸುವ ಸಮೋವಾರದ ಕೆಳಗಿತ್ತು, ಮೇಜು ಸುಡದ ಹಾಗೆ ಇಟ್ಟಿದ್ದಳು. ಮೇಲಿನ ನಾಲ್ಕು ಹಾಳೆಗೆ ದುಂಡನೆಯ ಕಲೆಯಾಗಿತ್ತು. ಅವರು ನಿಂತಲ್ಲೇ ಓದಲು ಶುರುಮಾಡಿದರು. ನಡುನಡುವೆ "ಒಪ್ಪಲ್ಲ" ಅನ್ನುತ್ತಿದ್ದರು. ಪ್ರತಿ ಸಲ ಹಾಗೆಂದಾಗಲೂ ರೌಷನ್‌ಳ ಮುಖದಲ್ಲಿ ಬಣ್ಣ ಬರುತ್ತಿತ್ತು; ಮುಗಿದುಹೋದದ್ದನ್ನು ಯಾರೂ ಅಷ್ಟು ಶ್ರದ್ಧೆಯಿಂದ ವಿರೋಧಿಸುವುದಿಲ್ಲ.

ಊಟಕ್ಕೆ ಕೂತಾಗ ಅಗಾಯ್ ಕುರಿಯ ತಲೆಯನ್ನು ಹಿರಿಯ ಅತಿಥಿಯ ಮುಂದಿಟ್ಟರು. ಕೆನ್ನೆಯ ಮಾಂಸ ಕೊಯ್ದುಕೊಂಡ ಮೇಲೆ ಅತಿಥಿ ಕಿವಿಯನ್ನು ಮನೆಯ ಚಿಕ್ಕವರಿಗೆ ಕೊಡಬೇಕು, ಹಿರಿಯರ ಮಾತು ಕೇಳಲಿ ಎಂದು. ಕ್ಸೇನಿಯಾ ಲ್ವೋವ್ನಾಗೆ ನಮ್ಮ ರೀತಿ ಚೆನ್ನಾಗಿ ಗೊತ್ತಿತ್ತು. ಕಿವಿ ಕೊಯ್ದು, ರೌಷನ್‌ಳನ್ನು ದಾಟಿ, ರೈನ್‌ಹೋಲ್ಡ್‌ನನ್ನು ದಾಟಿ, ಮೊಲ್ದಾಬೆಕ್ ಅಗಾಯ್ ತಟ್ಟೆಗೆ ಹಾಕಿದರು.

"ಪ್ಲೇಟು ಅಳೆಯೋರ ಮಾತು ಕೇಳಿ" ಎಂದರು.

ಅರವತ್ತೆರಡರ ಮನುಷ್ಯ ತಲೆ ತಗ್ಗಿಸಿ ಕಿವಿ ತಿಂದರು. ಚೆನ್ನಾಗಿ ಬೆಂದಿದೆ ಎಂದೂ ಹೇಳಿದರು.

ಮುಂದಿನ ಮೂರು ವಾರ ನಾನೂ ರೌಷನ್ನೂ ಎಲ್ಲ ಪ್ಲೇಟುಗಳನ್ನೂ ಮತ್ತೆ ಅಳೆದೆವು. ಆ ಗ್ಯಾಲಕ್ಸಿಯ ಎದೆಯಲ್ಲಿ ಅನಿಲ ಸೆಕೆಂಡಿಗೆ ನಾಲ್ಕು ಸಾವಿರ ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಿತ್ತು. ಡಿಸೆಂಬರ್ ಇಪ್ಪತ್ತಕ್ಕೆ ಪ್ರಬಂಧ ಒಪ್ಪಿತವಾಯಿತು. ವಿರೋಧಿ ಎರಡು ಗಂಟೆ ವಿರೋಧಿಸಿ ಕೊನೆಗೆ ಸಹಿ ಹಾಕಿದರು. ಅಳತೆಯ ವಿಧಾನದ ಪುಟದಲ್ಲಿ ರೌಷನ್ ಬರೆದದ್ದು ಒಂದೇ ಸಾಲು: "ಹೋಲಿಕೆಗಾಗಿ ಸ್ಥಳೀಯ ಪೊಟ್ಯಾಸಿಯಂ ಮತ್ತು ಸೋಡಿಯಂ ಜ್ವಾಲೆ ಬಳಸಲಾಗಿದೆ." ಬಾತಿಮಾ ಅಜ್ಜಿಗೆ ಕೃತಜ್ಞತೆ ಹೇಳಿದ್ದಳು, ಸಾಮಗ್ರಿ ಒದಗಿಸಿದ್ದಕ್ಕೆ. ಬಾಗಿಲ ಮೇಲಿನ ಫಲಕದಲ್ಲಿ ಅಗಾಯ್ "ಬೆಂಕಿ" ಎಂಬುದಕ್ಕೆ ಮೊದಲು "ಪಾಳಿಗೆ ಒಂದಕ್ಕಿಂತ ಹೆಚ್ಚು" ಎಂದು ಸೇರಿಸಿದರು. ಮೂಢನಂಬಿಕೆ ಹಾಗೆಯೇ ನಿಷಿದ್ಧವಾಗಿ ಉಳಿಯಿತು.

ಇನ್ನು ಆ ಶನಿವಾರದ್ದೇ ಒಂದು ಮಾತು ಉಳಿದಿದೆ. ಹೊರಡುವ ಮೊದಲು ಕ್ಸೇನಿಯಾ ಲ್ವೋವ್ನಾ ಗೋಪುರದೊಳಗೆ ಬಂದು ದೂರದರ್ಶಕವನ್ನು ತಲೆಯೆತ್ತಿ ನೋಡಿದರು.

"ಒಳ್ಳೇ ದೂರದರ್ಶಕ. ನಮ್ಮದಕ್ಕಿಂತ ಚೆನ್ನಾಗಿದೆ."

ನಾವು ನಾಲ್ವರೂ ಉಸಿರು ಹಿಡಿದೆವು. ಅಗಾಯ್ ಕೈ ಆಗಲೇ ಕೋಟಿನ ಜೇಬಿಗೆ ಹೋಗಿತ್ತು, ಅಲ್ಲಿ ಅದಿರಾಸ್ಪನ್ ಕಡ್ಡಿಗಳು ಮುರಿಯುವ ಸದ್ದು ನನಗೆ ಕೇಳಿಸಿತು.

ಆ ಹೆಂಗಸು ಎಡಭುಜದ ಮೇಲಿಂದ ಮೂರು ಸಲ ತ್ಫು ತ್ಫು ತ್ಫು ಎಂದು ಉಗುಳಿ, ಮರದ ಬಾಗಿಲನ್ನು ಬೆರಳಿಂದ ಮೂರು ಸಲ ತಟ್ಟಿದರು. ಆಮೇಲೆ ಕೈಚೀಲದ ಬಾಯಿ ಬಿಚ್ಚಿ ನನ್ನ ಮುಂದೆ ಹಿಡಿದರು.

"ಆ ಗಿಡದ್ದು ಒಂದು ಕಟ್ಟು ಇದ್ರೆ ಹಾಕಿ, ಉಲ್ಬಲಾ. ನಮ್ಮಲ್ಲೂ ದೀಪ ಈಚೆಗೆ ಯಾಕೋ ಮಿಣಕ್ ಮಿಣಕ್ ಅಂತಿದೆ."